ಕಾಡಿಗೆ ಎಷ್ಟು ಹೆಸರು

ಬೆಟ್ಟದ ಮೇಲೊಂದು ಕೋಟೆ. ಕೋಟೆಯ ಸುತ್ತ ಕಾಡು. ಆ ಕಾಡಿನೊಳಗೆ ದಾರಿಯಿಲ್ಲ.

ಇಷ್ಟನ್ನು ಓದುವಷ್ಟರಲ್ಲಿ ಆ ಬೆಟ್ಟದ ಬುಡಕ್ಕೆ ಯಾರೋ ಬಂದು ನಿಂತಿರುತ್ತಾರೆ. ನನಗೆ ಕಾಣುವವನು ಕಂಬಳಿ ಹೊದ್ದ ಒಬ್ಬ ಹುಡುಗ. ತಪ್ಪಿಸಿಕೊಂಡ ಕರುವನ್ನು ಹುಡುಕುತ್ತ ಇಲ್ಲಿಯತನಕ ಬಂದಿದ್ದಾನೆ. ಕತ್ತಲಾಗುತ್ತಿದೆ, ಹೊಟ್ಟೆ ಹಸಿದಿದೆ, ಮನೆಗೆ ಹೋದರೆ ಬೈಗುಳ ಕಾದಿದೆ. ಈಗ ವಾಕ್ಯ ಹಾಗೇ ಇರಲಿ, ಪದಗಳನ್ನಷ್ಟೇ ಬದಲಿಸೋಣ. ಪರ್ವತದ ಮೇಲೊಂದು ದುರ್ಗ. ದುರ್ಗದ ಸುತ್ತ ಅರಣ್ಯ. ಆ ಅರಣ್ಯದೊಳಗೆ ಮಾರ್ಗವಿಲ್ಲ. ಕರು ಹುಡುಕುವ ಹುಡುಗ ಮಾಯ. ಅವನು ನಿಂತಿದ್ದ ಕಡೆ ಕುದುರೆಯ ಮೇಲೆ ಒಬ್ಬ ರಾಜಕುಮಾರ ಕೂತಿದ್ದಾನೆ. ಅವನ ಬೆನ್ನಿಗೆ ಯಾರದೋ ಶಾಪವಿದೆ, ಮುಂದೆ ಒಂದು ಪ್ರತಿಜ್ಞೆಯಿದೆ. ಅವನಿಗೆ ಹಸಿವಾಗುವುದಿಲ್ಲ.

ನಿಘಂಟು ತೆಗೆದರೆ ಬೆಟ್ಟವೇ ಪರ್ವತ, ಕಾಡೇ ಅರಣ್ಯ, ದಾರಿಯೇ ಮಾರ್ಗ. ಆ ಪದಗಳು ಸರಿದದ್ದಕ್ಕೆ ಕಥಾನಾಯಕನೇ ಬದಲಾಗಿಬಿಟ್ಟ. ಫ್ಯಾಂಟಸಿ ಕಾದಂಬರಿಗಳ ವರ್ಣನೆಗಳನ್ನು ಹೀಗೆ ಬೇರೆ ಪದಗಳಲ್ಲಿ ಹೇಳಿ ನೋಡುವುದು ನನಗೆ ಬಹಳ ಪ್ರಿಯವಾದ ಕೆಲಸ. ಇಷ್ಟವಾದ ಪುಟ ಸಿಕ್ಕರೆ ಪೆನ್ಸಿಲ್ ಹಿಡಿದು ಒಂದೊಂದೇ ಪದವನ್ನು ಎತ್ತಿ, ಅದೇ ಅರ್ಥದ ಇನ್ನೊಂದನ್ನು ಇಟ್ಟು, ಮತ್ತೆ ಓದುತ್ತೇನೆ. ಕೆಲವು ಪದ ಹೋದರೂ ಪುಟಕ್ಕೆ ಏನೂ ಆಗುವುದಿಲ್ಲ. ಕೆಲವನ್ನು ಮುಟ್ಟಿದರೆ ಆ ಲೋಕವೇ ಕುಸಿಯುತ್ತದೆ. ಬರೆದವರು ಎಲ್ಲಿ ಬೆವರು ಸುರಿಸಿದ್ದಾರೆ ಎಂಬುದು ಹೀಗೆ ಕಳಚಿ ನೋಡಿದಾಗಲೇ ತಿಳಿಯುವುದು.

ಬೇರೆ ಕಾದಂಬರಿಗಳಲ್ಲಿ ಈ ಕುಸಿತ ಇಷ್ಟು ಬೇಗ ಆಗುವುದಿಲ್ಲ. ಮಲ್ಲೇಶ್ವರದ ಎಂಟನೇ ಕ್ರಾಸಿನ ಕಥೆ ಬರೆಯುವವರು ‘ಇಕ್ಕಟ್ಟಾದ ರಸ್ತೆ’ ಎನ್ನಲಿ, ‘ಕಿರಿದಾದ ಬೀದಿ’ ಎನ್ನಲಿ, ಎಂಟನೇ ಕ್ರಾಸು ಎಲ್ಲಿಗೂ ಹೋಗುವುದಿಲ್ಲ. ಹೂವಿನ ಬುಟ್ಟಿ, ತರಕಾರಿ ಗಾಡಿ, ಜನರ ನೂಕುನುಗ್ಗಲು ಎಲ್ಲವನ್ನೂ ಓದುವವರು ತಮ್ಮ ನೆನಪಿನಿಂದ ತಂದು ತುಂಬಿಕೊಳ್ಳುತ್ತಾರೆ. ಬರೆಯುವವರ ಕೈ ಸೋತರೂ ಊರು ಕೈ ಬಿಡುವುದಿಲ್ಲ. ಎಲ್ಲೂ ಇಲ್ಲದ ಊರನ್ನು ಕಟ್ಟುವವರಿಗೆ ಆ ಆಸರೆ ಎಲ್ಲಿಂದ ಬರಬೇಕು? ಅವರ ಕಾಡು ಇರುವುದು ಅವರ ವಾಕ್ಯದಲ್ಲಿ ಮಾತ್ರ. ವಾಕ್ಯ ಬದಲಾಯಿತೋ, ಕಾಡೂ ಬದಲಾಯಿತು.

ಈ ಮಾತನ್ನು ಅಮೆರಿಕದ ಲೇಖಕಿ ಅರ್ಸುಲಾ ಲೆ ಗ್ವಿನ್ 1973ರಲ್ಲಿ ಪ್ರಕಟವಾದ ‘ಫ್ರಮ್ ಎಲ್ಫ್‌ಲ್ಯಾಂಡ್ ಟು ಪೊಕಿಪ್ಸಿ’ ಎಂಬ ಪ್ರಬಂಧದಲ್ಲಿ ಬಹಳ ಸೊಗಸಾಗಿ ಹೇಳಿದ್ದಾರೆ. ಎಲ್ಫ್‌ಲ್ಯಾಂಡ್ ಅಂದರೆ ನಮ್ಮ ಗಂಧರ್ವಲೋಕದಂಥದು. ಪೊಕಿಪ್ಸಿ ನ್ಯೂಯಾರ್ಕ್ ರಾಜ್ಯದ ಒಂದು ಸಾಧಾರಣ ಊರು. ಗಂಧರ್ವಲೋಕಕ್ಕೆಂದು ಹೊರಟ ಬರಹಗಾರರು ದಾರಿ ತಪ್ಪಿ ಪೊಕಿಪ್ಸಿಯಲ್ಲಿ ಇಳಿದುಬಿಡುತ್ತಾರೆ ಎಂಬುದು ಆಕೆಯ ದೂರು. ಅದನ್ನು ತೋರಿಸಲು ಆಕೆ ಹಿಡಿದದ್ದೂ ಪದ ಬದಲಿಸುವ ದಾರಿಯನ್ನೇ. ಕ್ಯಾಥರೀನ್ ಕರ್ಟ್ಸ್ ಅವರ ‘ಡೆರಿನಿ ರೈಸಿಂಗ್’ ಎಂಬ 1970ರ ಫ್ಯಾಂಟಸಿ ಕಾದಂಬರಿಯಿಂದ ಒಂದು ಸಂಭಾಷಣೆಯನ್ನು ತೆಗೆದುಕೊಂಡು, ಹೆಸರುಗಳಂಥ ಕೆಲವೇ ಪದಗಳನ್ನು ಬದಲಿಸಿದರು. ಅಷ್ಟಕ್ಕೇ ಅದು ವಾಷಿಂಗ್ಟನ್ನಿನ ರಾಜಕಾರಣಿಗಳ ಮಾತುಕತೆಯಾಗಿ ಸಲೀಸಾಗಿ ನಿಂತಿತು. ಒಂದು ಮಾಯಾಲೋಕ ಇಷ್ಟು ಸುಲಭವಾಗಿ ರಾಜಧಾನಿಯ ಕಚೇರಿ ಆಗುವುದಾದರೆ ಅದು ಮೊದಲಿಗೂ ಮಾಯಾಲೋಕವಾಗಿತ್ತೇ ಎಂಬುದು ಅವರ ಪ್ರಶ್ನೆ. ಫ್ಯಾಂಟಸಿಗೆ ಇತಿಹಾಸದಿಂದಲೋ ದಿನಪತ್ರಿಕೆಯಿಂದಲೋ ಸಾಲ ತಂದ ವಾಸ್ತವವಿಲ್ಲ, ಬಯಲಿನಲ್ಲಿ ಪದಗಳಿಂದಲೇ ಎಬ್ಬಿಸಿದ ಕಟ್ಟಡ ಅದು, ಅದರ ಮೊಳೆ-ಬೆಸುಗೆಗಳೆಲ್ಲ ಕಣ್ಣಿಗೆ ಕಾಣುತ್ತವೆ ಎಂಬರ್ಥದ ವಾದ ಅವರದು. ಶೈಲಿಯನ್ನು ಕಿತ್ತರೆ ಉಳಿಯುವುದು ಕಥಾಸಾರಾಂಶ ಮಾತ್ರ.

ಅದೇ ಪ್ರಬಂಧದಲ್ಲಿ ಅವರು ಇನ್ನೊಂದು ಬದಿಯನ್ನೂ ಬಿಡಲಿಲ್ಲ. ಹಳೆಯ, ಭಾರವಾದ, ಯಾರೂ ಆಡದ ಪದಗಳನ್ನು ತಂದು ಸುರಿದರೆ ಫ್ಯಾಂಟಸಿ ಆಗುತ್ತದೆಂದು ನಂಬುವವರನ್ನೂ ಅಷ್ಟೇ ಗಟ್ಟಿಯಾಗಿ ತರಾಟೆಗೆ ತೆಗೆದುಕೊಂಡರು. ಸರಳವಾದ, ಸ್ವಚ್ಛವಾದ ಮಾತಿನಲ್ಲೇ ಮಾಯಾಲೋಕ ಕಟ್ಟಬಹುದು. ಅವರೇ ಕಟ್ಟಿ ತೋರಿಸಿದ್ದರು. 1968ರ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ಯಲ್ಲಿ ಮಂತ್ರವಿದ್ಯೆ ಅಂದರೆ ವಸ್ತುಗಳ ನಿಜನಾಮಗಳನ್ನು ಅರಿಯುವುದು. ಗೆಡ್ ಎಂಬ ಹುಡುಗ ಒಂಟಿ ಗೋಪುರವೊಂದರಲ್ಲಿ ಕೂತು ಹೆಸರುಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾನೆ. ಸಮುದ್ರದ ಮೇಲೆ ಮಂತ್ರ ನಡೆಯಬೇಕೆಂದರೆ ಸಮುದ್ರ ಎಂದರೆ ಸಾಲದು, ಅದರ ಒಂದೊಂದು ಕೊಲ್ಲಿ, ಒಂದೊಂದು ಭೂಶಿರದ ನಿಜನಾಮ ಬೇಕು. ಆ ಲೋಕದಲ್ಲಿ ಸಮಾನಾರ್ಥಕದಿಂದ ದೀಪವೂ ಹೊತ್ತುವುದಿಲ್ಲ. ಪದಗಳ ಬಗ್ಗೆ ಅಷ್ಟು ನಿಷ್ಠೆಯಿದ್ದವರು ಮಾತ್ರ ಇಂಥ ಲೋಕವನ್ನು ಕಲ್ಪಿಸಿಕೊಳ್ಳಬಲ್ಲರು.

ನನ್ನ ತಂಗಿಯ ಮಗಳು ಪಿಯುಸಿ ಓದುತ್ತಿದ್ದಾಳೆ. ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದಾಳೆ ಎಂದು ತಿಳಿದು ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಈ ಸಲ ಸಾಗರಕ್ಕೆ ಹೋದಾಗ ನೋಟ್‌ಬುಕ್ಕು ತಂದು ಕೊಟ್ಟಳು. ಕಥೆ ಚೆನ್ನಾಗಿತ್ತು, ಬೆಟ್ಟದ ಗುಹೆಯಲ್ಲೊಂದು ದೈತ್ಯಪ್ರಾಣಿ, ಬುಡದಲ್ಲೊಂದು ಹಳ್ಳಿ, ದೂರದಲ್ಲೊಬ್ಬ ರಾಜ. ಆದರೆ ಅವಳ ಕಾಡಿನೊಳಗೆ ಹೋದ ನಾನು ಅಲ್ಲೇ ಸಿಕ್ಕಿಕೊಂಡೆ. ಮೊದಲ ಸಾಲಿನಲ್ಲಿ ಕಾಡು. ಎರಡನೆಯದರಲ್ಲಿ ವಿಪಿನ. ಮೂರನೆಯದರಲ್ಲಿ ಕಾನನ. ಪುಟ ಮುಗಿಯುವಷ್ಟರಲ್ಲಿ ಅಟವಿ, ಗಹನ, ವನ ಎಲ್ಲವೂ ಬಂದುಹೋದವು.

“ಇಷ್ಟೊಂದು ಕಾಡು ಯಾಕೆ ಬೇಕಾಯ್ತು ನಿನಗೆ?” ಎಂದೆ.

“ಒಂದೇ ಕಾಡು ದೊಡ್ಡಮ್ಮ. ಒಂದೇ ಪದ ಪದೇಪದೇ ಬರಬಾರದು ಅಂತಾರಲ್ಲ. ಅದಕ್ಕೇ ಬದಲಾಯಿಸಿದೆ.”

ಯಾರು ಅಂತಾರೆ ಎಂದು ನಾನು ಕೇಳಲಿಲ್ಲ. ಪ್ರಬಂಧ ಬರೆಯಲು ಕಲಿತ ಪ್ರತಿಯೊಬ್ಬರ ಕಿವಿಗೂ ಬಿದ್ದಿರುವ ಮಾತು ಅದು. ಶಾಲೆಯ ಪ್ರಬಂಧಕ್ಕೆ ಅದರಿಂದ ಲಾಭವೂ ಇರಬಹುದು. ಕಥೆಯಲ್ಲಿ ಅದರಿಂದ ಆಗುವ ನಷ್ಟ ದೊಡ್ಡದು. ಮೊದಲ ಸಲ ಕಾಡು ಎಂದಾಗ ಓದುವವರ ಮನಸ್ಸಿನಲ್ಲಿ ನಾಲ್ಕು ಮರ ಎದ್ದಿರುತ್ತವೆ. ಮತ್ತೆ ಕಾಡು ಎಂದರೆ ಅದೇ ಮರಗಳ ನಡುವೆ ಇನ್ನೂ ನಾಲ್ಕು ಏಳುತ್ತವೆ. ವಿಪಿನ ಎಂದರೆ ಇದ್ದ ಮರಗಳೂ ಹೋಗಿ ಖಾಲಿ ಜಾಗ. ‘ಚಂದಮಾಮ’ದ ಬೇತಾಳ ಕಥೆಗಳು ತಿಂಗಳು ತಿಂಗಳೂ ಒಂದೇ ಬಗೆಯ ಮಾತಿನಿಂದ ತೊಡಗುತ್ತಿದ್ದವು, ಒಂದೇ ಬಗೆಯಲ್ಲಿ ಮುಗಿಯುತ್ತಿದ್ದವು. ಆ ಮರ, ಆ ಶವ, ಆ ಸ್ಮಶಾನ, ಮೌನ ಮುರಿದ ಕೂಡಲೇ ಹಾರಿಹೋಗುವ ಬೇತಾಳ. ಅವುಗಳನ್ನು ಬದಲಿಸಬೇಕೆಂದು ಯಾವ ಮಗುವೂ ಕೇಳಲಿಲ್ಲ. ಆ ಮಾತು ಬಂದಾಗಲೇ ನಮಗೆ ಆ ಲೋಕದ ಬಾಗಿಲು ತೆರೆಯುತ್ತಿದ್ದದ್ದು.

ಹಾಗಾದರೆ ಒಂದೇ ವಸ್ತುವಿಗೆ ಇಷ್ಟೊಂದು ಹೆಸರುಗಳನ್ನು ನಮ್ಮ ಹಿರಿಯರು ಯಾಕೆ ಕೂಡಿಟ್ಟರು ಎಂದು ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಅಮರಕೋಶದ ವನೌಷಧಿವರ್ಗ ತೊಡಗುವುದೇ ಕಾಡಿನ ಹೆಸರುಗಳಿಂದ. ಕನ್ನಡದಲ್ಲೂ ಪದ್ಯರೂಪದ ನಿಘಂಟುಗಳ ದೊಡ್ಡ ಪರಂಪರೆಯಿದೆ: ರನ್ನಕಂದ, ನಾಗವರ್ಮನ ಅಭಿಧಾನವಸ್ತುಕೋಶ, 1398ರ ಮಂಗರಾಜನ ನಿಘಂಟು, 16ನೆಯ ಶತಮಾನದ ಲಿಂಗಮಂತ್ರಿಯ ‘ಕಬ್ಬಿಗರ ಕೈಪಿಡಿ’. ಈ ಕೊನೆಯ ಹೆಸರೇ ಗುಟ್ಟನ್ನು ಹೇಳುತ್ತದೆ. ಅವು ಕಬ್ಬಿಗರಿಗಾಗಿ ಹುಟ್ಟಿದವು. ಕಂದಪದ್ಯದಲ್ಲಿ ಮಾತ್ರೆಗಳ ಲೆಕ್ಕ ತಪ್ಪುವಂತಿಲ್ಲ. ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಲೇಬೇಕು. ‘ಕಾಡು’ ಕೂರದ ಕಡೆ ‘ವಿಪಿನ’ ಕೂರುತ್ತದೆ, ಅದೂ ಕೂರದ ಕಡೆ ‘ಕಾನನ’. ಕವಿಗೆ ಅದು ಅನಿವಾರ್ಯ. ನೋಟ್‌ಬುಕ್ಕಿನಲ್ಲಿ ಗದ್ಯ ಬರೆಯುವ ಹುಡುಗಿಗೆ ಯಾವ ಪ್ರಾಸದ ಕಾಟವೂ ಇಲ್ಲ.

ಆದರೆ ಕವಿಗಳು ಕೈಗೆ ಸಿಕ್ಕದ್ದನ್ನು ತುರುಕುತ್ತಿದ್ದರೆಂದು ತಿಳಿಯಬಾರದು. ಈ ವಿಷಯದಲ್ಲಿ ಭಾರತದ ಕಾವ್ಯಮೀಮಾಂಸಕರು ಎಷ್ಟು ಮುಂದೆ ಹೋಗಿದ್ದರೆಂದು ನೆನೆದರೆ ನನಗೆ ಹೆಮ್ಮೆಯಾಗುತ್ತದೆ. ಎಂಟನೆಯ ಶತಮಾನದ ಕೊನೆಯ ಹೊತ್ತಿಗೆ ಕಾಶ್ಮೀರದಲ್ಲಿದ್ದ ವಾಮನ, ಪದಗಳು ತಮ್ಮ ಜಾಗದಲ್ಲಿ ಇನ್ನೊಂದನ್ನು ಸಹಿಸದ ಸ್ಥಿತಿ ಮುಟ್ಟಿದಾಗ ಅದನ್ನು ಶಬ್ದಪಾಕ ಎಂದು ಕರೆದ. ಬರಹ ಪಕ್ವವಾಯಿತೋ ಇಲ್ಲವೋ ಎಂಬುದಕ್ಕೆ ಅದೇ ಒರೆಗಲ್ಲು: ತೆಗೆದು ಇನ್ನೊಂದನ್ನಿಡಲು ಬಂದರೆ ಇನ್ನೂ ಹಸಿ. ಮಮ್ಮಟ ಇದನ್ನೇ ಇನ್ನೊಂದು ಕೆಲಸಕ್ಕೆ ಬಳಸಿದ. ಪದದ ಬದಲಿಗೆ ಪರ್ಯಾಯವಿಟ್ಟರೆ ಚೆಲುವು ಹೋಗುವುದಾದರೆ ಅದು ಶಬ್ದಾಲಂಕಾರ, ಉಳಿಯುವುದಾದರೆ ಅರ್ಥಾಲಂಕಾರ. ನಾನು ಪೆನ್ಸಿಲ್ ಹಿಡಿದು ಮಾಡುವ ಕೆಲಸಕ್ಕೆ ಸಾವಿರ ವರ್ಷಕ್ಕೂ ಹಿಂದಿನ ಶಾಸ್ತ್ರವಿದೆ.

ಕುಂತಕನಂತೂ ಸಮಾನಾರ್ಥಕದ ಆಯ್ಕೆಗೇ ಪರ್ಯಾಯವಕ್ರತೆ ಎಂಬ ಹೆಸರು ಕೊಟ್ಟ. ಕಾಳಿದಾಸನ ‘ಕುಮಾರಸಂಭವ’ದ ಐದನೆಯ ಸರ್ಗದಲ್ಲಿ ಶಿವ ಬ್ರಹ್ಮಚಾರಿಯ ವೇಷದಲ್ಲಿ ಬಂದು, ತಪಸ್ಸಿಗೆ ನಿಂತ ಪಾರ್ವತಿಯ ಮುಂದೆ ಶಿವನನ್ನೇ ಹೀನಾಯವಾಗಿ ಬೈಯುತ್ತಾನಲ್ಲ, ಅಲ್ಲಿ ಕವಿ ಶಿವನಿಗೆ ಬಳಸುವ ಹೆಸರು ಕಪಾಲಿ. ಪಿನಾಕಿ ಎಂದಿದ್ದರೂ ಶಿವನೇ, ಛಂದಸ್ಸಿಗೂ ಒಪ್ಪುತ್ತಿತ್ತು. ಆದರೆ ಬಿಲ್ಲು ಹಿಡಿದವನನ್ನು ಬಯಸುವವಳ ಬಗ್ಗೆ ಯಾರು ಅಯ್ಯೋ ಎನ್ನುತ್ತಾರೆ? ತಲೆಬುರುಡೆ ಹಿಡಿದು ತಿರುಗುವವನನ್ನು ಬಯಸಿದೆಯಲ್ಲ ಎಂದಾಗ ಮಾತಿನ ಮುಳ್ಳು ತಾಗುತ್ತದೆ. ಕಪಾಲಿ ಎಂಬ ಪದ ಬರೀ ಶಿವನನ್ನು ತೋರಿಸುವುದಿಲ್ಲ, ಆ ಪದವನ್ನು ಆಡುವವನ ಮನಸ್ಸಿನಲ್ಲಿ ಏನಿದೆ ಎಂಬುದನ್ನೂ ತೋರಿಸುತ್ತದೆ.

ಇದು ಹೊಳೆದ ಮೇಲೆ ಸಮಾನಾರ್ಥಕಗಳ ವಿಷಯದಲ್ಲಿ ನನ್ನ ನಿಲುವು ಗಟ್ಟಿಯಾಯಿತು. ಒಂದೇ ವಸ್ತುವಿನ ಇನ್ನೊಂದು ಹೆಸರು ಅಂದರೆ ಆ ವಸ್ತುವನ್ನು ನೋಡುವ ಇನ್ನೊಬ್ಬ ವ್ಯಕ್ತಿ. ಆಡುವವರು ಬದಲಾದಾಗ ಪದ ಬದಲಾಗಲಿ, ಸುಮ್ಮನೆ ಬದಲಾಗುವುದು ಬೇಡ.

ಜೆ. ಆರ್. ಆರ್. ಟೋಲ್ಕಿನ್ ಇದನ್ನು ಚೆನ್ನಾಗಿ ಬಲ್ಲವರು. 1919-20ರಲ್ಲಿ ಆಕ್ಸ್‌ಫರ್ಡ್ ನಿಘಂಟಿನ ಕಚೇರಿಯಲ್ಲಿ ಕೆಲಸ ಮಾಡಿ ಡಬ್ಲ್ಯೂ ಅಕ್ಷರದ ಪದಗಳ ವ್ಯುತ್ಪತ್ತಿಯನ್ನು ಅಗೆದವರು. ನಿಘಂಟು ಏನು ಕೊಡುತ್ತದೆ, ಏನು ಕೊಡಲಾರದು ಎಂಬುದು ಅವರಿಗೆ ಒಳಗಿನಿಂದ ಗೊತ್ತಿತ್ತು. ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಎರಡನೆಯ ಸಂಪುಟದಲ್ಲಿ ರಾಜ ಥಿಯೋಡೆನ್ ಹಳೆಯ ಕಾಲದ ಗತ್ತಿನಲ್ಲಿ ಮಾತಾಡುತ್ತಾನೆ. ಅದು ಒಬ್ಬ ಓದುಗರಿಗೆ ಹಿಡಿಸಲಿಲ್ಲ. 1955ರಲ್ಲಿ ಅವರಿಗೆ ಉತ್ತರವಾಗಿ ಬರೆದು ಕೊನೆಗೆ ಕಳಿಸದೆ ಉಳಿಸಿದ ಕರಡು ಕಾಗದವೊಂದರಲ್ಲಿ ಟೋಲ್ಕಿನ್ ಆ ರಾಜನ ಮಾತನ್ನು ತಾವೇ ಇಂದಿನ ಇಂಗ್ಲಿಷಿಗೆ ಬದಲಿಸಿ ತೋರಿಸಿದರು. ಯುದ್ಧಕ್ಕೆ ನಾನೇ ಹೋಗುತ್ತೇನೆ, ಬಿದ್ದರೆ ಮುಂಚೂಣಿಯಲ್ಲೇ ಬೀಳುತ್ತೇನೆ ಎನ್ನುವ ಮುದಿರಾಜ, ಹೊಸ ಪದಗಳಲ್ಲಿ ಕ್ಲಬ್ಬಿನಲ್ಲಿ ಕೂತು ಹರಟುವ ಗೃಹಸ್ಥನಾಗಿಬಿಟ್ಟ. ಅವರ ವಾದ ಇಷ್ಟೇ: ಹೀಗೆ ಮಾತಾಡುವ ಮನುಷ್ಯ ಹಾಗೆ ಯೋಚಿಸುವುದೇ ಇಲ್ಲ. ಮಾತನ್ನು ಬದಲಿಸಿ ಯೋಚನೆಯನ್ನು ಮಾತ್ರ ಹಳೆಯದಾಗಿ ಉಳಿಸಿದರೆ ಅದು ಸುಳ್ಳಾಗುತ್ತದೆ.

ಅದೇ ಪುಸ್ತಕ ಅಚ್ಚಿಗೆ ಹೋದಾಗ ಮೊಳೆ ಜೋಡಿಸುವವರು ‘ಡ್ವಾರ್ವ್ಸ್’ (ಕುಳ್ಳರು) ಎಂದಿದ್ದಲ್ಲೆಲ್ಲ ನಿಘಂಟಿನಲ್ಲಿದ್ದ ‘ಡ್ವಾರ್ಫ್ಸ್’ ಹಾಕಿದ್ದರು, ‘ಎಲ್ವೆನ್’ ಇದ್ದಲ್ಲಿ ‘ಎಲ್ಫಿನ್’ ಹಾಕಿದ್ದರು. ಒಂದೊಂದು ಅಕ್ಷರದ ವ್ಯತ್ಯಾಸ. ಟೋಲ್ಕಿನ್ನರಿಗೆ ಅದು ಸಹಿಸಲಾಗದ ವಿಷಯ; ಹಿಂದಿನ ರೂಪಗಳನ್ನೇ ಮರಳಿ ಹಾಕಿಸಿದರು. ಅವರು ಹೇಳುತ್ತಿದ್ದ ಕುಳ್ಳರು ಗಂಭೀರವಾದ, ಕುಲಗೌರವವುಳ್ಳ ಒಂದು ಜನಾಂಗ. ಮಕ್ಕಳ ಪುಸ್ತಕದಲ್ಲಿ ಬರುವ ಮುದ್ದು ಕುಳ್ಳರಲ್ಲ. ಆ ಅಂತರವನ್ನು ಹೊತ್ತು ನಿಂತಿದ್ದದ್ದು ಆ ಅಕ್ಷರವೇ.

ಇನ್ನೂ ನನ್ನ ಮನಸ್ಸಿಗೆ ತಟ್ಟುವುದು ‘ದ ಹಾಬಿಟ್’ನ ಪ್ರಸಂಗ. 1937ರಲ್ಲಿ ಬಂದ ಆ ಪುಸ್ತಕ ಮಕ್ಕಳ ಮುಂದೆ ಕೂತು ಹೇಳಿದ ಧಾಟಿಯಲ್ಲಿದೆ. ಮುಂದಿನ ದೊಡ್ಡ ಕಥೆಯ ಗಾಂಭೀರ್ಯಕ್ಕೆ ಅದನ್ನು ಹೊಂದಿಸಬೇಕೆಂದು 1960ರಲ್ಲಿ ಟೋಲ್ಕಿನ್ ಅದನ್ನು ಹೊಸದಾಗಿ ಬರೆಯತೊಡಗಿದರು. ಕೆಲವು ಅಧ್ಯಾಯಗಳಾದವು. ಓದಿದ ಸ್ನೇಹಿತೆಯೊಬ್ಬರು, ಚೆನ್ನಾಗಿದೆ, ಆದರೆ ಇದು ಹಾಬಿಟ್ ಅಲ್ಲ ಎಂಬರ್ಥದ ಮಾತು ಹೇಳಿದರಂತೆ. ಟೋಲ್ಕಿನ್ ಕೆಲಸವನ್ನು ಅಲ್ಲಿಗೇ ಬಿಟ್ಟರು. ಕಥೆ ಅವರದೇ, ಲೋಕ ಅವರದೇ, ಇಂಗ್ಲಿಷಿನ ಮೇಲೆ ಅವರಿಗಿದ್ದ ಹಿಡಿತ ಬೇರೆ ಯಾರಿಗಿತ್ತು? ಆದರೂ ಕಥಾನಾಯಕ ಬಿಲ್ಬೋ ಇನ್ನೊಂದು ಬಗೆಯ ಮಾತಿನೊಳಗೆ ಬದುಕಲು ಒಪ್ಪಲಿಲ್ಲ.

ನಮ್ಮಲ್ಲಿ ಪದಗಳ ಆಯ್ಕೆಯಿಂದಲೇ ಇಡೀ ಕಾವ್ಯಲೋಕವನ್ನು ಕಟ್ಟಿದವನು ಆಂಡಯ್ಯ. 13ನೆಯ ಶತಮಾನದ ಅವನ ‘ಕಬ್ಬಿಗರ ಕಾವ’ದಲ್ಲಿ ಚಂದ್ರನಿಗಾಗಿ ಕಾಮ ಶಿವನ ಮೇಲೆ ದಂಡೆತ್ತಿ ಹೋಗುತ್ತಾನೆ. ಅಪ್ಪಟ ಫ್ಯಾಂಟಸಿ. ಅದರಲ್ಲಿ ಸಂಸ್ಕೃತದ ತತ್ಸಮಗಳನ್ನು ಬಿಟ್ಟು ಅಚ್ಚಗನ್ನಡ ಮತ್ತು ತದ್ಭವಗಳಲ್ಲೇ ಅವನು ಬರೆದ. ಪುರಾಣದ ಕಾಮದೇವ ಅಲ್ಲಿ ಕನ್ನಡ ನೆಲದ ಅರಸನ ಹಾಗೆ ನಡೆದಾಡುತ್ತಾನೆ. ಅದಕ್ಕೂ ನಾಲ್ಕು ಶತಮಾನ ಹಿಂದಿನ ‘ಕವಿರಾಜಮಾರ್ಗ’, ಸಂಸ್ಕೃತವನ್ನೂ ಕನ್ನಡವನ್ನೂ ಹೊಂದಿಕೆಯಿಲ್ಲದೆ ಬೆಸೆಯುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದದ್ದಕ್ಕೆ ಹೋಲಿಸಿತ್ತು. ನನ್ನ ಹುಡುಗಿಯ ಪುಟದಲ್ಲಿ ಆಗಿದ್ದದ್ದು ಅದೇ. ಕಂಬಳಿ, ಗುದ್ದಲಿ, ಗಂಜಿಯ ನಡುವೆ ಒಂದು ವಿಪಿನ.

ನಾವಿಬ್ಬರೂ ಮನೆಯ ಹಿಂದಿನ ಸೊಪ್ಪಿನಬೆಟ್ಟಕ್ಕೆ ಹೋದೆವು. ಅಡಿಕೆ ತೋಟದವರು ಗೊಬ್ಬರದ ಸೊಪ್ಪು ತರುವ ಬೆಟ್ಟ ಅದು. ಅದರಾಚೆ ಬೇಣ, ಹುಲ್ಲು ಬೆಳೆಯುವ ಬಯಲು. ಅದಕ್ಕೂ ಆಚೆ ಕಾನು. ಎಲೆಯುದುರದ ಮರಗಳು ಒತ್ತಾಗಿ ನಿಂತು ಮಧ್ಯಾಹ್ನವೂ ತಂಪಾಗಿರುವ ಜಾಗ. ಪೇಟೆಯ ನಿಘಂಟಿನಲ್ಲಿ ಇವೆಲ್ಲ ಒಟ್ಟಾಗಿ ಕಾಡು ಎಂದಾಗಿಬಿಡುತ್ತವೆ. ಇಲ್ಲಿಯವರಿಗೆ ಇವು ಬೇರೆ ಬೇರೆ ಜಾಗಗಳು. ಒಂದರಲ್ಲಿ ಸೊಪ್ಪು ಕಡಿಯಬಹುದು, ಇನ್ನೊಂದರಲ್ಲಿ ದನ ಬಿಡಬಹುದು, ಮತ್ತೊಂದರೊಳಗೆ ಕತ್ತಲಾದ ಮೇಲೆ ಹೋಗುವ ಹಾಗಿಲ್ಲ. ನಿನ್ನ ಹಳ್ಳಿಯವರು ಬೆಟ್ಟ ಹತ್ತುವಾಗ ಇವನ್ನು ಒಂದಾದ ಮೇಲೊಂದು ದಾಟಲಿ ಎಂದೆ. ಅವಳು ಅಲ್ಲೇ ಕೂತು ಬರೆದುಕೊಂಡಳು. ಅಲಂಕಾರದ ಒಂದು ಪದವೂ ಇಲ್ಲದೆ ಭಯ ಮೆಟ್ಟಿಲು ಮೆಟ್ಟಿಲಾಗಿ ಏರತೊಡಗಿತು.

ಉಳಿದದ್ದು ಆ ಪ್ರಾಣಿಯ ಹೆಸರು. ಅವಳು ಘಟಸರ್ಪ ಎಂದು ಬರೆದಿದ್ದಳು. ಕನ್ನಡ ಬೈಬಲ್ಲಿನ ಪ್ರಕಟನೆಯ ಪುಸ್ತಕದಲ್ಲಿ ಬರುವ ಪದ ಅದು, ಬಲವಾದ ಪದ. ಅದು ಒಂದೆರಡು ಸಲ ಬಂದ ಮೇಲೆ ಅವಳ ಹಳೆಯ ಅಭ್ಯಾಸದಂತೆ ಮಹೋರಗ, ಭುಜಂಗ, ಪನ್ನಗ ಎಲ್ಲ ಸಾಲುಗಟ್ಟಿದ್ದವು.

“ನಿಮ್ಮಜ್ಜಿ ಹಾವಿಗೆ ಏನಂತಾರೆ?” ಎಂದು ಕೇಳಿದೆ.

“ಹುಳ ಅಂತಾರೆ. ರಾತ್ರಿ ಅಂತೂ ಹಾವು ಅನ್ನೋಕೆ ಬಿಡಲ್ಲ.”

ಹಾವು ಕಚ್ಚಿತು ಎನ್ನುವುದಿಲ್ಲ, ಹುಳ ಮುಟ್ಟಿತು ಎನ್ನುತ್ತಾರೆ. ಅಷ್ಟು ದೊಡ್ಡ ಭಯಕ್ಕೆ ಅಷ್ಟು ಚಿಕ್ಕ ಪದ. ಹೆಸರಿಟ್ಟು ಕರೆದರೆ ಎಲ್ಲಿ ಬಂದುಬಿಡುತ್ತದೋ ಎಂಬ ಎಚ್ಚರದಿಂದ ಹುಟ್ಟಿದ ಪರ್ಯಾಯ ಅದು. ಅದನ್ನು ಯಾವ ಕವಿಯೂ ಪ್ರಾಸಕ್ಕಾಗಿ ಮಾಡಿದ್ದಲ್ಲ. ಅವಳ ಕಣ್ಣು ಅರಳಿತು. ನೋಟ್‌ಬುಕ್ಕು ಎಳೆದುಕೊಂಡು ಮಹೋರಗ, ಪನ್ನಗಗಳನ್ನೆಲ್ಲ ಹೊಡೆದುಹಾಕಿದಳು. ಹಳ್ಳಿಯವರಿಗೆ ಅದು ಹುಳ. ಬೆಟ್ಟದಷ್ಟು ದೊಡ್ಡದಾದರೂ ಹುಳವೇ. ಘಟಸರ್ಪ ಎನ್ನುವುದು ಅರಮನೆಯವರು ಮಾತ್ರ, ಅದನ್ನು ಎಂದೂ ನೋಡದವರು.

ಕಥೆಯಲ್ಲಿ ಅವಳಿಗೆ ಒಂದು ತೊಡಕಿತ್ತು. ಊರಿಗೂ ಅರಮನೆಗೂ ಜಗಳವಾಗಬೇಕು, ಯಾಕೆಂದು ಗೊತ್ತಿರಲಿಲ್ಲ. ಈಗ ರಾಜನ ದೂತ ಊರಿಗೆ ಬಂದು ಘಟಸರ್ಪದ ಗುಹೆ ಎಲ್ಲಿದೆ ಎಂದು ಕೇಳುತ್ತಾನೆ. ಅಂಥದ್ದು ನಮ್ಮ ಕಡೆ ಇಲ್ಲ ಸ್ವಾಮಿ ಎಂದು ಊರವರು ತಿಳಿದಷ್ಟನ್ನು ನಿಜವಾಗಿ ಹೇಳುತ್ತಾರೆ. ದೂತ ಹಿಂದಿರುಗಿ, ಹಳ್ಳಿಯವರು ಅದನ್ನು ಬಚ್ಚಿಡುತ್ತಿದ್ದಾರೆ ಎಂದು ರಾಜನಿಗೆ ವರದಿ ಒಪ್ಪಿಸುತ್ತಾನೆ. ಸೈನ್ಯ ಹೊರಡುವ ಅಧ್ಯಾಯವನ್ನು ಅವಳು ಈಗ ಬರೆಯುತ್ತಿದ್ದಾಳೆ.